ಪಕ್ಕದ ಮನೆಯ ಅಬುವೆಲಾ

ಮಯಾಮಿ ಬಳಿಯ ಹಯಲೀಯದಲ್ಲಿ ನಮ್ಮ ನೆರೆಯವರಾಗಿದ್ದ, ಇಡೀ ಬೀದಿಯೇ ‘ಅಬುವೆಲಾ’, ಅಂದರೆ ಅಜ್ಜಿ, ಎಂದು ಕರೆಯುತ್ತಿದ್ದ ಕ್ಯೂಬಾದ ಹಿರಿಯ ಜೀವ ಕಳೆದ ವಾರ ತೀರಿಕೊಂಡರು. 1965ರ ಡಿಸೆಂಬರ್‌ನಿಂದ 1973ರವರೆಗೆ ಕ್ಯೂಬಾದ ವರದೇರೊದಿಂದ ಮಯಾಮಿಗೆ ಹಾರಿದ ‘ಸ್ವಾತಂತ್ರ್ಯ ವಿಮಾನ’ಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಕ್ಯೂಬನ್ನರು ದೇಶ ಬಿಟ್ಟರು. ಮನೆ, ಒಡವೆಗಳನ್ನೆಲ್ಲ ಅಲ್ಲೇ ತೊರೆದು, ಗಂಡ ಮತ್ತು ಇಬ್ಬರು ಪುಟ್ಟ ಮಕ್ಕಳೊಂದಿಗೆ ಬಂದಿಳಿದ ಅಬುವೆಲಾ ಕೂಡ ಅವರಲ್ಲೊಬ್ಬರು. ಹವಾನಾದಲ್ಲಿ ಪಾಠ ಹೇಳುತ್ತಿದ್ದವರು ಇಲ್ಲಿ ಬಟ್ಟೆ ಕಾರ್ಖಾನೆಯ ಹೊಲಿಗೆ ಯಂತ್ರದ ಮುಂದೆ ಕುಳಿತರು. ಗಂಡ ಮತ್ತೆ ಓದಿ ಕೆಲಸ ಹಿಡಿಯುವವರೆಗೆ ಆ ಸಂಬಳವೇ ಸಂಸಾರವನ್ನು ನಡೆಸಿತು. ಹಯಲೀಯದ ಬಟ್ಟೆ ಉದ್ಯಮ ಬೆಳೆದದ್ದು ಇಂಥ ತಾಯಂದಿರ ದುಡಿಮೆಯಿಂದ ಎಂಬುದನ್ನು ಇನ್ನಷ್ಟು ಗಟ್ಟಿಯಾಗಿ ಹೇಳಬೇಕು ಎಂದು ನನಗನಿಸುತ್ತದೆ.

ಮೊದಲು ಇಳಿದ ನಾಲ್ಕು ಹನಿ ಕಾಫಿಯನ್ನು ಸಕ್ಕರೆಗೆ ಬೆರೆಸಿ, ಅದು ತಿಳಿಬಣ್ಣದ ನೊರೆಯಾಗುವವರೆಗೆ ಚಮಚದಿಂದ ಕಡೆಯುತ್ತಿದ್ದ ಅವರ ತೋರುಬೆರಳಿನಲ್ಲಿ ಸೂಜಿ ಹಾಯ್ದ ಹಳೆಯ ಗಾಯದ ಗುರುತಿತ್ತು. ಮೊದಲ ಕಪ್ಪು ಯಾವಾಗಲೂ ಗಂಡನಿಗೆ. ಗಂಡ ತೀರಿಹೋದ ಮೇಲೂ ಮೇಜಿನ ಮೇಲೆ ಎರಡು ಕಪ್ಪುಗಳೇ ಇರುತ್ತಿದ್ದವು. ನನ್ನ ಬಾಣಂತನಕ್ಕೆ ಅಮ್ಮನಿಗೆ ಊರಿನಿಂದ ಬರಲಾಗದಿದ್ದಾಗ, ಮಗುವನ್ನು ಎತ್ತಿಕೊಂಡು ಸ್ಪ್ಯಾನಿಷ್‌ನಲ್ಲಿ ಲಾಲಿ ಹಾಡಿದವರು ಅವರೇ. ಇಂದು ಅವರ ಮಗ ಆ ಕಾಫಿ ಪಾತ್ರೆಯನ್ನು ತಂದು ನನ್ನ ಕೈಗಿಟ್ಟು ಹೋದರು.