ಕತ್ತಲಾಗಿರಬೇಕಿದ್ದ ಪ್ಲೇಟ್

ನಮ್ಮ ಗುಂಪಿನ ಕೆಲಸ ಟೈರೋಸಿನೇಸ್ ಎಂಬ ಕಿಣ್ವವನ್ನು ಹೊಳೆದು ತೋರಿಸುವ ಅಣು, ಅಂದರೆ ಪ್ರೋಬ್. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್‌ನ ಕೋಶಗಳಲ್ಲಿ ಈ ಕಿಣ್ವ ಜಾಸ್ತಿ. ಅದು ಪ್ರೋಬ್‌ನ ಬಾಲ ಕತ್ತರಿಸಿದರೆ ಡೈ ಬಿಡುಗಡೆಯಾಗಿ ಹೊಳೆಯುತ್ತದೆ. ಇಲಿಯ ಮೆಲನೋಮಾ ಕೋಶ ಬಿ16 ಹೊಳೆಯಬೇಕು, ಗರ್ಭಕಂಠದ ಕ್ಯಾನ್ಸರ್ ಕೋಶ ಹೀಲಾ ಕತ್ತಲಾಗಿರಬೇಕು.

ಅವತ್ತು ಹೀಲಾ ಕೂಡ ಹೊಳೆಯಿತು.

ಮಾರನೇ ದಿನ ರಿವ್ಯೂ. ಸ್ಲೈಡ್‌ಗೆ ಒಳ್ಳೆ ಚಿತ್ರ ಕಳಿಸಿ ಎಂದು ಮೇಲಿನವರ ಮೆಸೇಜ್ ಬರುತ್ತಲೇ ಇತ್ತು. ಕಾನ್‌ಫೋಕಲ್ ಮೈಕ್ರೋಸ್ಕೋಪ್‌ನಲ್ಲಿ ನಮ್ಮ ಸ್ಲಾಟ್ ಮುಗಿಯುತ್ತಾ ಬಂದಿತ್ತು. ವಾಶ್ ಸರಿಯಾಗಿಲ್ಲ ಅಂದುಕೊಂಡೆ. ಪಿಬಿಎಸ್ ಎಂಬ ಉಪ್ಪಿನ ದ್ರಾವಣದಲ್ಲಿ ಮತ್ತೆ ತೊಳೆದೆವು. ಹೊಳಪು ಹೋಗಲಿಲ್ಲ. ಗೇನ್ (ಸಿಗ್ನಲ್ ಹಿಗ್ಗಿಸುವ ಸೆಟ್ಟಿಂಗ್) ಇಳಿಸಿದರೆ ಎರಡೂ ಒಟ್ಟಿಗೇ ಮಂಕಾದವು. ‘ಸುಮ್ನೆ ಬಿ16 ಚಿತ್ರ ಮಾತ್ರ ಹಾಕಿ’ ಎಂದು ಫೋನ್ ಬಂತು. ನನಗೆ ಸಿಟ್ಟೇ ಬಂತು.

ಪಕ್ಕದಲ್ಲಿದ್ದ ಜೂನಿಯರ್ ಕೇಳಿದಳು: ‘ಕೋಜಿಕ್ ಆಸಿಡ್ ಕೊಟ್ಟು ನೋಡೋಣ್ವಾ?’ ಅದು ಟೈರೋಸಿನೇಸ್ ತಡೆಯುತ್ತದೆ. ಮುಂದಿನ ಗುಂಪಿನವರ ಕಾಲು ಹಿಡಿದು ಅವರ ಸ್ಲಾಟ್ ಪಡೆದೆವು. ಸ್ಪೇರ್ ಪ್ಲೇಟ್‌ಗಳಿಗೆ ಮೊದಲು ಕೋಜಿಕ್, ಆಮೇಲೆ ಪ್ರೋಬ್. ಕಾಯುವಾಗ ಇಬ್ಬರೂ ಮಾತಾಡಲಿಲ್ಲ. ಬಿ16 ಮಂಕಾಯಿತು. ಹೀಲಾ ಹಾಗೇ ಹೊಳೆಯುತ್ತಿತ್ತು. ಅಲ್ಲಿ ಬಾಲ ಕತ್ತರಿಸುತ್ತಿದ್ದದ್ದು ಟೈರೋಸಿನೇಸ್ ಅಲ್ಲ. ಇನ್ನೊಂದು ಪ್ಲೇಟ್‌ಗೆ ಎನ್‌ಎಸಿ ಎಂಬ ಆಂಟಿಆಕ್ಸಿಡೆಂಟ್ ಹಾಕಿದ ಮೇಲೆ ಹೀಲಾ ಆರಿತು. ಆರ್‌ಓಎಸ್, ಅಂದರೆ ಕೋಶದಲ್ಲಿ ಹುಟ್ಟುವ ಚುರುಕು ಆಕ್ಸಿಜನ್ ಅಣುಗಳು! ನಮ್ಮ ಪ್ರೋಬ್‌ನಲ್ಲಿದ್ದದ್ದು ಹಳೇ 4-ಹೈಡ್ರಾಕ್ಸಿಫಿನೈಲ್ ತುದಿ. ಅದಕ್ಕೆ ಆರ್‌ಓಎಸ್ ಕೂಡ ಬಾಯಿ ಹಾಕುತ್ತದೆ. ಈ ತೊಂದರೆ ತಪ್ಪಿಸಲೆಂದೇ ಚೀನಾದ ಸಂಶೋಧಕರು 2016ರಲ್ಲಿ 3-ಹೈಡ್ರಾಕ್ಸಿಬೆಂಜೈಲಾಕ್ಸಿ ತುದಿ ತೋರಿಸಿದ್ದರು.

ಇದು ಬರೀ ಪ್ಲೇಟ್‌ನ ಮಾತಲ್ಲ. ಬಿಸಿಲಿಗೆ ಸುಟ್ಟ, ಕೆರೆದು ಊದಿಕೊಂಡ ಚರ್ಮದ ತುಂಬಾ ಆರ್‌ಓಎಸ್ ಇರುತ್ತದೆ. ಅಲ್ಲೆಲ್ಲ ಹೊಳೆಯುವ ಪ್ರೋಬ್ ಕೊಟ್ಟರೆ ಡಾಕ್ಟರು ಏನು ನಂಬಬೇಕು? ಸಾದಾ ಮಚ್ಚೆಯಲ್ಲೂ ಟೈರೋಸಿನೇಸ್ ಇರುತ್ತದೆ. ಹೊಳಪು ಎಷ್ಟು ಎಂದು ಅಳೆಯಬೇಕು, ಕೊನೆಗೆ ಬಯಾಪ್ಸಿಯೇ ಹೇಳಬೇಕು. ಸಾಲದ್ದಕ್ಕೆ ಚರ್ಮದ ಬಣ್ಣವಾದ ಮೆಲನಿನ್ ಬೆಳಕನ್ನೇ ನುಂಗುತ್ತದೆ; ನಿಯರ್ ಇನ್‌ಫ್ರಾರೆಡ್ ಬೆಳಕನ್ನು ನುಂಗುವುದು ಕಡಿಮೆ. ಅದಕ್ಕೇ ನಿಯರ್ ಇನ್‌ಫ್ರಾರೆಡ್ ಡೈ ಬೇಕು ಎಂದು ನಾವು ಹಟ ಹಿಡಿಯುವುದು. ನಮ್ಮ ಜನರಲ್ಲಿ ಮೆಲನೋಮಾ ಹೆಚ್ಚಾಗಿ ಅಂಗಾಲಿನಲ್ಲಿ, ಉಗುರಿನ ಕೆಳಗೆ ಬರುತ್ತದೆ. ಆಣಿ ಎಂದೋ, ಏಟು ಬಿದ್ದ ಕಲೆ ಎಂದೋ ಬಿಟ್ಟುಬಿಡುತ್ತಾರೆ. ಮೇಲ್ಪದರದಲ್ಲೇ ಇರುವಾಗ ಸಿಕ್ಕರೆ ಸಾಮಾನ್ಯವಾಗಿ ಕತ್ತರಿಸಿ ತೆಗೆದರೆ ಸಾಕು. ಆ ರೋಗಿಗೆ ಸುಳ್ಳು ಹೊಳಪೂ ಬೇಡ, ಸುಳ್ಳು ಧೈರ್ಯವೂ ಬೇಡ.

ರಿವ್ಯೂನಲ್ಲಿ ಮೊದಲು ಹೀಲಾ ಚಿತ್ರವನ್ನೇ ಹಾಕಿದೆವು. ಕೋಣೆ ಸಪ್ಪಗಾಯಿತು. ಟೈಮ್‌ಲೈನ್ ಕೇಳಿದರು, ಕೆಮಿಸ್ಟ್ರಿ ಯಾರೂ ಕೇಳಲಿಲ್ಲ. ಈಗ ಹೊಸ ಬ್ಯಾಚ್ ಬಂದರೆ ಕೋಜಿಕ್ ಮತ್ತು ಎನ್‌ಎಸಿ ಪ್ಲೇಟ್ ಇಲ್ಲದೆ ನಾವು ಮೈಕ್ರೋಸ್ಕೋಪ್ ಬುಕ್ ಮಾಡುವುದಿಲ್ಲ. ಅದಕ್ಕೆ ಎರಡು ಸ್ಲಾಟ್ ಬೇಕು. ಸಿಗುವುದು ಇನ್ನೂ ಒಂದೇ.