ನುಡಿ ಫೈಲು ಕಿವಿಗೆ ಹೇಗೆ ಕೇಳುತ್ತದೆ ಗೊತ್ತಾ?

ನಾನು ಧಾರವಾಡದವಳು. ದಿನಾ ಜುಬಿಲಿ ಸರ್ಕಲ್ ಹತ್ತಿರ ಚಿಗರಿ ಬಸ್ ಹಿಡಿದು ಹುಬ್ಬಳ್ಳಿಯ ಆಫೀಸಿಗೆ ಹೋಗುತ್ತೇನೆ. ನನಗೆ ಕಣ್ಣು ಕಾಣುವುದಿಲ್ಲ. ಕೆಲಸವೆಲ್ಲ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಮೇಲೆ, ಅಂದರೆ ಪರದೆ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ. ಅದು ಪುಕ್ಕಟೆ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ.

ಸೇರಿದ ಮೊದಲ ವಾರ ಒಂದು ಕನ್ನಡ ಪತ್ರ ತೆರೆದೆ. ಕಿವಿಯಲ್ಲಿ ಬರೀ ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ಗದ್ದಲ. ಒಂದು ಪದವೂ ತಿಳಿಯಲಿಲ್ಲ. ಅದು ಕನ್ನಡ ಟೈಪ್ ಮಾಡುವ 'ನುಡಿ' ತಂತ್ರಾಂಶದ ಹಳೆಯ ಫಾಂಟಿನ ಫೈಲು. ಪರದೆ ಮೇಲೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಕೋಡ್. ಕಂಪ್ಯೂಟರ್ ಇದ್ದದ್ದನ್ನೇ ಓದುತ್ತದೆ, ಅಲ್ವಾ? ಸಾಹೇಬರು "ನಿಮಗ ಕಷ್ಟ ಆಗ್ತದ, ಬಿಡ್ರಿ" ಅಂದು ಫೋನ್ ಎತ್ತುವ ಕೆಲಸಕ್ಕೆ ಕೂರಿಸಿದರು. ಆ ದಿನ ಊಟ ಸೇರಲಿಲ್ಲ.

ಪಕ್ಕದ ಟೇಬಲ್ಲಿನ ಅಕ್ಕ ಸುಮ್ನೆ ಕೂರಲಿಲ್ಲ. ಫೈಲನ್ನು ಯೂನಿಕೋಡ್‌ಗೆ ಬದಲಿಸಿ ಕೊಟ್ಟರು. ಅದರಲ್ಲಿ ಕನ್ನಡ ಅಕ್ಷರಕ್ಕೆ ಕನ್ನಡದ್ದೇ ಕೋಡ್. ಎರಡು ನಿಮಿಷದ ಕೆಲಸ. 'ಮಾನ್ಯರೇ' ಅಂತ ಕೇಳಿಸಿದಾಗ ಕಣ್ಣು ತುಂಬಿ ಬಂತು. ಈಗ ಇಡೀ ವಿಭಾಗ ಯೂನಿಕೋಡ್‌ನಲ್ಲೇ ಟೈಪ್ ಮಾಡುತ್ತದೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಬಂದರೆ ಮೂಲ ಫೈಲು ಕೇಳುತ್ತೇನೆ. ಸ್ಕ್ಯಾನ್ ಅಂದರೆ ಬರೀ ಚಿತ್ರ, ಓದಲು ಅಕ್ಷರವೇ ಇರುವುದಿಲ್ಲ.

ಸರಕಾರಿ ಕಚೇರಿಗಳು ಇಂಥ ಅನುಕೂಲ ಮಾಡಿಕೊಡಬೇಕು ಅಂತ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೇ ಇದೆ. ಇದು ಉಪಕಾರ ಅಲ್ಲ.

ಇನ್ನೊಂದು ಮಾತು. ಕುರ್ಚಿ, ಡಸ್ಟ್‌ಬಿನ್ ಸರಿಸಿದರೆ ದಯವಿಟ್ಟು ನಮಗೆ ಹೇಳಿ. ನಿನ್ನೆ ಹೊಸ ಹುಡುಗನೊಬ್ಬ "ಅಕ್ಕಾರ, ಕಪಾಟು ಬಾಗಲದ ಎಡಕ್ಕ ಬಂದೈತ್ರಿ" ಅಂತ ತಾನೇ ಬಂದು ಹೇಳಿದ. ಎದ್ದು ಹೋಗಿ ಮುಟ್ಟಿ ನೋಡಿಬಂದೆ.