ನೀರು ಕುಡಿದು ಸತ್ತ ಕಳ್ಳಿಗಳು

ಬೆಂಗಳೂರಿನ ನಮ್ಮ ಮನೆಯ ಬಾಲ್ಕನಿಯಲ್ಲಿ ಇದುವರೆಗೆ ಸತ್ತ ಕಳ್ಳಿ ಗಿಡಗಳಲ್ಲಿ ಒಂದೂ ಬಾಯಾರಿ ಸತ್ತದ್ದಲ್ಲ. ಎಲ್ಲವೂ ನಾನು ಅಕ್ಕರೆಯಿಂದ ಎರೆದ ನೀರು ಕುಡಿದೇ ಸತ್ತವು. ಮೇಲ್ನೋಟಕ್ಕೆ ಹಸಿರಾಗಿಯೇ ಇದ್ದ ಒಂದು ಗುಂಡುಕಳ್ಳಿಯನ್ನು ಬೆರಳಿನಿಂದ ಮೆಲ್ಲಗೆ ತಳ್ಳಿದಾಗ ಅದು ಬುಡವೇ ಇಲ್ಲದಂತೆ ಉರುಳಿಬಿದ್ದ ದಿನ, ನಾನು ಇಷ್ಟು ಕಾಲ ನೋಡಬೇಕಾದದ್ದನ್ನು ಬಿಟ್ಟು ಬೇರೇನನ್ನೋ ನೋಡುತ್ತಿದ್ದೆ ಎಂಬುದು ತಿಳಿಯಿತು.

ಗಿಡವನ್ನು ತಂದಾಗ ಅದರ ಬೇರಿನ ಸುತ್ತ ಇದ್ದದ್ದು ಬರೀ ತೆಂಗಿನ ನಾರಿನ ಪುಡಿ. ಹಗುರವಾದ್ದರಿಂದ ಸಾಗಿಸಲು ಅದು ಅನುಕೂಲವೇ ಹೌದು, ಆದರೆ ಮಳೆಗಾಲದ ತೇವದಲ್ಲಿ ವಾರಗಟ್ಟಲೆ ನೀರನ್ನು ಹಿಡಿದಿಟ್ಟುಕೊಂಡು ಬೇರಿಗೆ ಗಾಳಿಯೇ ಸಿಗದಂತೆ ಮಾಡುತ್ತದೆ. ಈಗ ಹೊಸ ಗಿಡ ಬಂದ ಕೂಡಲೇ ಆ ಪುಡಿಯನ್ನು ಕೊಡವಿ, ಬೇರನ್ನು ನೆರಳಿನಲ್ಲಿ ಮೂರು ನಾಲ್ಕು ದಿನ ಒಣಗಲು ಬಿಟ್ಟು, ಒಂದು ಪಾಲು ಕೆಂಪುಮಣ್ಣಿಗೆ ಎರಡು ಪಾಲು ದಪ್ಪ ಮರಳು ಮತ್ತು ಸಣ್ಣ ಜಲ್ಲಿ ಬೆರೆಸಿ, ತಳದಲ್ಲಿ ತೂತಿರುವ ಮಣ್ಣಿನ ಕುಂಡದಲ್ಲಿ ನೆಡುತ್ತೇನೆ. ತೂತಿಲ್ಲದ ಪಿಂಗಾಣಿ ಬಟ್ಟಲುಗಳನ್ನು ಕಳ್ಳಿಗೆಂದು ಮಾರುವವರ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ವಾರಕ್ಕೆ ಎಷ್ಟು ಸಲ ನೀರು ಹಾಕಬೇಕೆಂದು ಕೇಳುವವರಿಗೆ ನಾನು ದಿನದ ಲೆಕ್ಕ ಹೇಳುವುದಿಲ್ಲ. ಏಪ್ರಿಲ್‌ನಲ್ಲಿ ಐದೇ ದಿನದಲ್ಲಿ ಒಣಗುವ ಕುಂಡ ಜುಲೈನಲ್ಲಿ ಮೂರು ವಾರವಾದರೂ ಒದ್ದೆಯಾಗಿಯೇ ಇರುತ್ತದೆ. ಕುಂಡದೊಳಕ್ಕೆ ಚುಚ್ಚಿದ ಊದುಬತ್ತಿಯ ಕಡ್ಡಿ ಒಣಗಿದ್ದು ಹೊರಬಂದರೆ ಮಾತ್ರ ನೀರು, ಆಗ ತಳದಿಂದ ಸೋರುವಷ್ಟು.

ಆರ್ಕಿಡ್ ಸಾಕಲು ಮೊದಲ ಪಾಠ ಸಿಕ್ಕಿದ್ದು ಅಮ್ಮನ ಬ್ರಹ್ಮಕಮಲದಿಂದ. ರಾತ್ರಿ ಅರಳುವ ಆ ಹೂವನ್ನು ನೋಡಲು ಬೀದಿಯವರನ್ನೆಲ್ಲ ಕರೆಯುತ್ತಿದ್ದ ನಮಗೆ, ಅದು ಮೆಕ್ಸಿಕೋ ಕಡೆಯಿಂದ ಬಂದ ಕಳ್ಳಿ ಜಾತಿಯ ಗಿಡವೆಂದೂ, ಹಿಮಾಲಯದ ಬ್ರಹ್ಮಕಮಲಕ್ಕೂ ಇದಕ್ಕೂ ಸಂಬಂಧವಿಲ್ಲವೆಂದೂ ಗೊತ್ತಿರಲಿಲ್ಲ. ತನ್ನ ಊರಿನಲ್ಲಿ ಅದು ಮರಳುಗಾಡಿನಲ್ಲಿ ಬೆಳೆಯುವುದಿಲ್ಲ. ಕಾಡಿನ ಮರಗಳ ಮೇಲೆ, ಕೊಂಬೆಯ ಸಂದಿನಲ್ಲಿ ಕೊಳೆತ ಎಲೆಗಳ ನಡುವೆ ಬೇರು ಬಿಡುತ್ತದೆ. ನಮ್ಮ ಮಲೆನಾಡಿನ ಸೀತಾಳೆ ದಂಡೆ ಎಂಬ ಆರ್ಕಿಡ್ ಬದುಕುವುದೂ ಹಾಗೆಯೇ ಅಲ್ಲವೇ? ಮಳೆ ಬಂದಾಗ ತೊಯ್ದು, ಗಾಳಿ ಬೀಸಿದಾಗ ಒಣಗುವುದು ಆ ಬೇರುಗಳ ಜಾಯಮಾನ.

ಆದ್ದರಿಂದ ನನ್ನ ಫೆಲನಾಪ್ಸಿಸ್ ಆರ್ಕಿಡ್‌ಗೆ ಮಣ್ಣೇ ಇಲ್ಲ. ಇದ್ದಿಲಿನ ಚೂರು ಮತ್ತು ಹಲವು ಸಲ ನೆನೆಸಿ ತೊಳೆದ ತೆಂಗಿನ ಸಿಪ್ಪೆಯ ತುಂಡುಗಳಲ್ಲಿ, ಬೇರು ಕಾಣುವಂಥ ಪಾರದರ್ಶಕ ಕುಂಡದಲ್ಲಿ ಅದು ಕುಳಿತಿದೆ. ಆರ್ಕಿಡ್‌ನ ಬೇರಿಗೆ ಸ್ಪಂಜಿನಂಥ ಹೊದಿಕೆಯೊಂದಿರುತ್ತದೆ. ಒಣಗಿದಾಗ ಬೆಳ್ಳಿಯ ಬಣ್ಣಕ್ಕೆ ತಿರುಗುವ ಅದು ನೀರು ಹೀರಿದೊಡನೆ ಹಸಿರಾಗುತ್ತದೆ. ಇಷ್ಟು ಸ್ಪಷ್ಟವಾಗಿ ದಾಹವನ್ನು ತಿಳಿಸುವ ಗಿಡ ನನ್ನಲ್ಲಿ ಬೇರೊಂದಿಲ್ಲ. ಬೆಳಿಗ್ಗೆ ನೀರು ಕೊಟ್ಟು, ಎಲೆಗಳ ನಡುವಿನ ಸುಳಿಯಲ್ಲಿ ನಿಂತ ಹನಿಯನ್ನು ಹತ್ತಿಯಿಂದ ಒರೆಸಿ ತೆಗೆಯುತ್ತೇನೆ, ಏಕೆಂದರೆ ಸುಳಿ ಕೊಳೆತರೆ ಆ ಗಿಡ ಮೇಲಕ್ಕೆ ಬೆಳೆಯಲಾರದು. ಬೋರ್‌ವೆಲ್‌ನ ಗಡಸು ನೀರು ಬೇರಿನ ಮೇಲೆ ಬಿಳಿ ಉಪ್ಪಿನ ಪೊರೆ ಬಿಡುವುದರಿಂದ ಮಳೆನೀರನ್ನು ಬಕೆಟ್ಟಿನಲ್ಲಿ ಹಿಡಿದಿಡುವ ಅಭ್ಯಾಸವೂ ಆಗಿದೆ.

ಹಿಟ್ಟು ತಿಗಣೆ ಮಾತ್ರ ಕಳ್ಳಿ, ಆರ್ಕಿಡ್ ಎಂಬ ಭೇದವಿಲ್ಲದೆ ಎರಡಕ್ಕೂ ಬರುತ್ತದೆ. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒಂದೊಂದನ್ನೇ ಒರೆಸುವ ತಾಳ್ಮೆ ಬೇಕು.

ಡಿಸೆಂಬರಿನ ತಂಪು ರಾತ್ರಿಗಳು ಕಳೆದ ಮೇಲೆ ಈ ಸಲ ಫೆಲನಾಪ್ಸಿಸ್‌ನ ಎಲೆಯ ಕೆಳಗಿನಿಂದ ಹೂದಂಟು ಹೊರಟಿದೆ. ಬೆಳಕಿನತ್ತ ಬಾಗುವ ದಂಟು ಸೊಟ್ಟಗಾಗದಿರಲೆಂದು ಕುಂಡವನ್ನು ಇಟ್ಟಲ್ಲಿಂದ ತಿರುಗಿಸಬಾರದೆಂದು ಮನೆಯಲ್ಲಿ ಎಲ್ಲರಿಗೂ ಹೇಳಿದ್ದೇನೆ, ನೆಲ ಒರೆಸುವಾಗಲೂ.